ಧರೆ ಕುಸಿದ ಮಣ್ಣು ತೆಗೆಯುವಾಗ ಟ್ರ್ಯಾಕ್ಟರ್ ಕೈಕೊಟ್ಟರೆ: ದೋಷ ಪತ್ತೆ, ನಿವಾರಣೆ

ಪುನರ್ವಸು, ಪುಷ್ಯ ಮಳೆ ಹಿಡಿದು ಹೊಡೆದ ಮೇಲೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆಯ ದಾರಿಗೆ ಧರೆ, ಅಂದರೆ ದಾರಿ ಬದಿಯ ಕಡಿದಾದ ಮಣ್ಣಿನ ದಂಡೆ, ಬಂದು ಬೀಳುವುದು ಹೊಸ ಸಂಗತಿಯಲ್ಲ. ಆಗುಂಬೆ, ಹುಲಿಕಲ್ ಸುತ್ತ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಜೆಸಿಬಿಗೆ ಫೋನ್ ಮಾಡಿದರೆ ಊರಿನ ಎಲ್ಲರೂ ಅದೇ ಹೊತ್ತಿಗೆ ಫೋನ್ ಮಾಡಿರುತ್ತಾರೆ. ಹಾಲು ಡೇರಿಗೆ ಹೋಗಬೇಕು, ಮಕ್ಕಳು ಶಾಲೆಗೆ ಹೋಗಬೇಕು, ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಆಳುಗಳು ಬರಬೇಕು. ಕೊನೆಗೆ ಕೊಟ್ಟಿಗೆಯ ಪಕ್ಕದಲ್ಲಿ ನಿಂತಿರುವ ಟ್ರ್ಯಾಕ್ಟರ್‌ಗೆ ಹಿಂಬದಿ ಬ್ಲೇಡನ್ನೋ ಮುಂಬದಿ ಲೋಡರನ್ನೋ ಸಿಕ್ಕಿಸಿ ನಾವೇ ಇಳಿಯುತ್ತೇವೆ.

ಟ್ರ್ಯಾಕ್ಟರ್ ಕೈಕೊಡುವುದು ಹೆಚ್ಚಾಗಿ ಆಗಲೇ. ಲಿಫ್ಟ್ ಎತ್ತುವುದಿಲ್ಲ, ಚಕ್ರ ನಿಂತಲ್ಲೇ ತಿರುಗುತ್ತದೆ, ಎಂಜಿನ್ ಗುಟುರು ಹಾಕಿ ನಿಲ್ಲುತ್ತದೆ. ಕೂಡಲೇ ‘ಪಂಪ್ ಹೋಯಿತು’, ‘ಕ್ಲಚ್ ಪ್ಲೇಟ್ ಹೋಯಿತು’ ಎಂಬ ಮಾತು ಶುರುವಾಗುತ್ತದೆ. ಪಂಪ್ ಹೋಗಿದೆ ಎಂದು ಬಿಚ್ಚಿಸಿದ ಟ್ರ್ಯಾಕ್ಟರ್‌ಗಳಲ್ಲಿ ಎಷ್ಟರದೋ ಪಂಪ್ ಗಟ್ಟಿಯಾಗಿಯೇ ಇರುತ್ತದೆ. ಸ್ಪ್ಯಾನರ್ ಹಿಡಿಯುವ ಮೊದಲು ಒಂದು ಪ್ರಶ್ನೆಗೆ ಉತ್ತರ ಸಿಗಬೇಕು: ಇದೇ ಕೆಲಸವನ್ನು ಹೊರೆ ಇಲ್ಲದೆ ಟ್ರ್ಯಾಕ್ಟರ್ ಸರಿಯಾಗಿ ಮಾಡುತ್ತದೆಯೇ? ಮುಂದಿನ ಪರೀಕ್ಷೆಗಳೆಲ್ಲ ಈ ಪ್ರಶ್ನೆಯ ಸುತ್ತಲೇ ಇವೆ.

ಹೊರೆಯ ಲೆಕ್ಕವನ್ನು ಮೊದಲೇ ತಲೆಯಲ್ಲಿಟ್ಟುಕೊಳ್ಳಿ. ನೀರು ಕುಡಿದ ಮಣ್ಣು ಒಂದು ಘನ ಮೀಟರಿಗೆ ಸುಮಾರು 1.8ರಿಂದ 2 ಟನ್ ತೂಗುತ್ತದೆ. ನಮ್ಮ ಕಡೆ ಹೆಚ್ಚಾಗಿರುವ 35ರಿಂದ 45 ಅಶ್ವಶಕ್ತಿಯ ಟ್ರ್ಯಾಕ್ಟರ್‌ಗಳ ಎತ್ತುವ ಸಾಮರ್ಥ್ಯ ಸಾಮಾನ್ಯವಾಗಿ 1200ರಿಂದ 1800 ಕಿಲೋ. ಅದೂ ಲೋವರ್ ಲಿಂಕ್‌ಗಳ, ಅಂದರೆ ಹಿಂಬದಿಯ ಕೆಳಗಿನ ಎರಡು ತೋಳುಗಳ ತುದಿಯಲ್ಲಿ ಅಳೆದ ಲೆಕ್ಕ. ಹೊರೆ ಅಲ್ಲಿಂದ ಹಿಂದಕ್ಕೆ ಸರಿದಷ್ಟೂ ಸಾಮರ್ಥ್ಯ ಕುಗ್ಗುತ್ತದೆ. ಬೇಸಿಗೆಯಲ್ಲಿ ಗೊಬ್ಬರ ಎತ್ತಿದ ಬಕೆಟ್ಟೇ ಮಳೆಗಾಲದಲ್ಲಿ ಅಷ್ಟೇ ಗಾತ್ರದ ಮಣ್ಣಿಗೆ ಸೋತರೆ ಯಂತ್ರದಲ್ಲಿ ದೋಷವಿದೆ ಎಂದು ಆಗಲೇ ಹೇಳುವಂತಿಲ್ಲ.

ಕೀಲಿ ತಿರುಗಿಸುವ ಮುನ್ನ

ಧರೆಯ ಮೇಲ್ಭಾಗಕ್ಕೆ ಬಳಸು ದಾರಿಯಲ್ಲಿ ಹೋಗಿ ನೋಡಿ. ಅಂಚಿನಿಂದ ಹಿಂದಕ್ಕೆ ನೆಲದಲ್ಲಿ ಹೊಸ ಬಿರುಕು ಕಂಡರೆ, ಮರಗಳು ದಾರಿಯ ಕಡೆ ವಾಲಿದ್ದರೆ, ಕುಸಿದ ಗಾಯದಿಂದ ಕೆಸರು ನೀರಿನ ಒರತೆ ಹೊರಡುತ್ತಿದ್ದರೆ ಟ್ರ್ಯಾಕ್ಟರ್ ಇಳಿಸಲೇಬೇಡಿ. ಮಲೆನಾಡಿನ ಅನೇಕ ಧರೆಗಳಲ್ಲಿ ಮೇಲೆ ಜಂಬಿಟ್ಟಿಗೆ, ಕೆಳಗೆ ಬಿಳಿ ಅಥವಾ ನಸುಗೆಂಪು ಶೇಡಿ ಮಣ್ಣು ಇರುತ್ತದೆ. ಒಣಗಿದ್ದಾಗ ಗೋಡೆಯ ಹಾಗೆ ನಿಲ್ಲುವ ಶೇಡಿ ನೀರು ಹೀರಿದರೆ ಬಲ ಕಳೆದುಕೊಂಡು ಜಾರುತ್ತದೆ. ಬುಡಕ್ಕೆ ಬಿದ್ದಿರುವ ಮಣ್ಣೇ ಕೆಲವೊಮ್ಮೆ ಮೇಲಿನ ಭಾಗಕ್ಕೆ ಆಸರೆಯಾಗಿರುತ್ತದೆ. ಅದನ್ನು ಎಳೆದರೆ ಎರಡನೇ ಕುಸಿತ ಚಾಲಕನ ಮೇಲೇ ಬರುತ್ತದೆ. ಇಂಥ ಕಡೆ ಮಳೆ ಬಿಡುವವರೆಗೆ ಕಾಯುವುದೊಂದೇ ದಾರಿ. ಮನೆಗೇ ಅಪಾಯವಿದ್ದರೆ ಜಿಲ್ಲಾ ತುರ್ತು ಸಹಾಯವಾಣಿ 1077ಕ್ಕೆ ಕರೆ ಮಾಡಿ.

ಮಣ್ಣಿನ ಜೊತೆ ಮರ ಬಿದ್ದಿದ್ದರೆ ಅದರಡಿ ವಿದ್ಯುತ್ ತಂತಿ ಸಿಕ್ಕಿಕೊಂಡಿದೆಯೇ ಎಂದು ದೂರದಿಂದಲೇ ಹುಡುಕಿ. ಊರಲ್ಲಿ ಕರೆಂಟ್ ಇಲ್ಲ ಎಂದ ಮಾತ್ರಕ್ಕೆ ತಂತಿ ಸತ್ತಿದೆ ಎಂದುಕೊಳ್ಳಬೇಡಿ, ಲೈನ್ ಯಾವ ಗಳಿಗೆಯಲ್ಲಾದರೂ ಮತ್ತೆ ಚಾಲೂ ಆಗಬಹುದು. ವಿದ್ಯುತ್ ಸಹಾಯವಾಣಿ 1912ಕ್ಕೆ ತಿಳಿಸಿ, ಮೆಸ್ಕಾಂ ಲೈನ್‌ಮನ್ ಬಂದು ಸರಿ ಎಂದ ಮೇಲೆಯೇ ಕೈ ಹಾಕಿ.

ಲಿಫ್ಟ್ ಎತ್ತುವುದಿಲ್ಲ

ಹೆಚ್ಚು ಗೊಂದಲವಾಗುವ ದೋಷ ಇದು, ಹಾಗಾಗಿ ನಿಧಾನವಾಗಿ ನೋಡೋಣ. ಬ್ಲೇಡನ್ನು ಮಣ್ಣಿನಿಂದ ಬಿಡಿಸಿ. ಟ್ರ್ಯಾಕ್ಟರನ್ನು ಸಮತಟ್ಟಾದ ಅಂಗಳಕ್ಕೆ ತಂದು, ಎಂಜಿನ್ ವೇಗವನ್ನು 1500 ಆರ್‌ಪಿಎಂ ಆಸುಪಾಸಿನಲ್ಲಿಟ್ಟು ಖಾಲಿ ಬ್ಲೇಡನ್ನು ಎತ್ತಿ, ಇಳಿಸಿ. ಮೂರು ರೀತಿಯ ಉತ್ತರ ಬರಬಹುದು.

ಖಾಲಿ ಬ್ಲೇಡ್ ಸಲೀಸಾಗಿ ಏರಿ, ಮಣ್ಣು ತುಂಬಿದಾಗ ಮಾತ್ರ ನಿಂತರೆ ಶಬ್ದಕ್ಕೆ ಕಿವಿಗೊಡಿ. ಲಿವರ್ ಎತ್ತಿದ ಕೂಡಲೇ ಎಂಜಿನ್ ದನಿ ಕುಗ್ಗಿ, ಸೀಟಿನ ಕೆಳಗಿನಿಂದ ಕೀರಲು ಸದ್ದು ಬಂದರೆ ಪಂಪ್ ಒತ್ತಡ ಕೊಡುತ್ತಿದೆ ಎಂದೇ ತಿಳಿಯಿರಿ. ಹೊರೆ ಮಿತಿ ಮೀರಿದ್ದರಿಂದ ರಿಲೀಫ್ ವಾಲ್ವ್ ತೆರೆದು ಎಣ್ಣೆಯನ್ನು ವಾಪಸ್ ಕಳಿಸುತ್ತಿದೆ. ಅರ್ಧ ಮಣ್ಣು ಸುರಿದು ಮತ್ತೆ ಎತ್ತಿ ನೋಡಿ. ಎದ್ದರೆ ದೋಷವಿಲ್ಲ, ತುಂಬುವ ಪ್ರಮಾಣ ಕಡಿಮೆ ಮಾಡಿ. ತೀರ ಕಡಿಮೆ ಹೊರೆಗೂ ಅದೇ ಸದ್ದು ಬಂದರೆ ರಿಲೀಫ್ ವಾಲ್ವಿನ ಸ್ಪ್ರಿಂಗ್ ದುರ್ಬಲವಾಗಿರಬಹುದು. ಅದನ್ನು ಒತ್ತಡ ಮಾಪಕ ಇಟ್ಟು ಮೆಕ್ಯಾನಿಕ್ ಹೊಂದಿಸಬೇಕು. ಅಂದಾಜಿನಲ್ಲಿ ಸ್ಕ್ರೂ ಬಿಗಿ ಮಾಡಿದರೆ ಹೋಸ್ ಒಡೆಯುತ್ತದೆ, ಪಂಪಿನ ದೇಹವೇ ಬಿರುಕು ಬಿಡಬಹುದು.

ಖಾಲಿ ಬ್ಲೇಡ್ ಕೂಡ ಅಲುಗದಿದ್ದರೆ, ಎಂಜಿನ್ ದನಿಯೂ ಬದಲಾಗದಿದ್ದರೆ ಪಂಪಿಗೆ ಕೈ ಹಾಕುವ ಮೊದಲು ಎಣ್ಣೆ ಯಾವ ಕಡೆ ಹೋಗಬೇಕೆಂದು ಆರಿಸುವ ಸೆಲೆಕ್ಟರ್ ಗುಂಡಿ ನೋಡಿ. ಬೇಸಿಗೆಯಲ್ಲಿ ಟಿಪ್ಪಿಂಗ್ ಟ್ರೇಲರ್‌ಗೆ ಹೋಸ್ ಕೊಟ್ಟಿದ್ದವರು ಎಣ್ಣೆಯ ದಾರಿಯನ್ನು ಹೊರಗಿನ ಸಿಲಿಂಡರ್ ಕಡೆಗೆ ತಿರುಗಿಸಿ ಹಾಗೆಯೇ ಬಿಟ್ಟಿರುತ್ತಾರೆ. ಎಣ್ಣೆ ಲಿಫ್ಟ್ ಸಿಲಿಂಡರಿಗೆ ಹೋಗುವುದೇ ಇಲ್ಲ. ಗುಂಡಿಯನ್ನು ಲಿಫ್ಟ್ ಕಡೆಗೆ ತಿರುಗಿಸಿದರೆ ಒಂದು ರೂಪಾಯಿ ಖರ್ಚಿಲ್ಲದೆ ಕೆಲಸ ಮುಗಿಯುತ್ತದೆ.

ಖಾಲಿ ಬ್ಲೇಡ್ ಏರುತ್ತದೆ, ಆದರೆ ತಡೆದು ತಡೆದು, ನಡುಗುತ್ತಾ ಏರುತ್ತದೆ ಎಂದಾದರೆ ಎಣ್ಣೆಯ ಕಡೆ ತಿರುಗಿ. ಅನೇಕ ಟ್ರ್ಯಾಕ್ಟರ್‌ಗಳಲ್ಲಿ ಗೇರ್‌ಬಾಕ್ಸ್, ಹಿಂದಿನ ಆಕ್ಸಲ್, ಹೈಡ್ರಾಲಿಕ್ ಮೂರಕ್ಕೂ ಒಂದೇ ಎಣ್ಣೆ. ನಮ್ಮ ಮನೆಗಳ ದಾರಿಯೋ ಎಲ್ಲವೂ ಏರು, ಇಳಿಜಾರು. ಎಣ್ಣೆ ಸ್ವಲ್ಪ ಕಡಿಮೆಯಿದ್ದರೂ ಇಳಿಜಾರಿನಲ್ಲಿ ಅದು ಒಂದು ಕಡೆಗೆ ಸರಿದು, ಹೀರುವ ಕೊಳವೆಯ ಬಾಯಿ ಗಾಳಿಗೆ ತೆರೆದುಕೊಳ್ಳುತ್ತದೆ. ಅಂಗಳದಲ್ಲಿ ಸರಿಯಾಗಿ ಎತ್ತಿದ ಲಿಫ್ಟ್ ಇಳಿಜಾರಿನಲ್ಲಿ ಮಾತ್ರ ಕೊಂಯ್ ಎಂದು ಸದ್ದು ಮಾಡುತ್ತಾ ಸೋತರೆ ಮೊದಲ ಅನುಮಾನ ಇದರ ಮೇಲೆಯೇ ಇರಲಿ. ಸಮತಟ್ಟಾದ ಜಾಗದಲ್ಲಿ, ಲಿಫ್ಟ್ ತೋಳುಗಳನ್ನು ಪೂರ್ತಿ ಇಳಿಸಿ, ಎಂಜಿನ್ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಕಡ್ಡಿ ತೆಗೆದು ಅಳತೆ ನೋಡಿ. ತೋಳುಗಳು ಮೇಲಿದ್ದಾಗ ನೋಡಿದ ಅಳತೆ ತಪ್ಪು ಹೇಳುತ್ತದೆ.

ಅಳತೆ ಕಡ್ಡಿಯ ತುದಿಯ ಎಣ್ಣೆಯನ್ನು ಬೆರಳಿಗೆ ತೆಗೆದುಕೊಂಡು ಬೆಳಕಿಗೆ ಹಿಡಿಯಿರಿ. ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ. ಮಳೆಗೆ ತೆರೆದು ನಿಲ್ಲಿಸಿದ ಟ್ರ್ಯಾಕ್ಟರ್‌ಗಳಲ್ಲಿ ಗೇರ್ ಲಿವರ್‌ನ ರಬ್ಬರ್ ಹೊದಿಕೆ ಹರಿದಿರುತ್ತದೆ, ನೀರು ಅಲ್ಲಿಂದಲೇ ನೇರ ಒಳಗಿಳಿಯುತ್ತದೆ. ಒಂದು ಲೋಟದಷ್ಟು ಎಣ್ಣೆಯನ್ನು ಗಾಜಿನ ಬಾಟಲಿಗೆ ತೆಗೆದು ರಾತ್ರಿಯಿಡೀ ಅಲುಗಾಡಿಸದೆ ಇಡಿ. ಬೆಳಗ್ಗೆ ತಳದಲ್ಲಿ ನೀರಿನ ಪದರ ಕಂಡರೆ, ಅಥವಾ ಎಣ್ಣೆ ಬೆಳ್ಳಗೇ ಉಳಿದಿದ್ದರೆ ಪೂರ್ತಿ ಬದಲಿಸಬೇಕು, ಎಣ್ಣೆ ಸೋಸುವ ಜಾಲರಿಯಾದ ಹೈಡ್ರಾಲಿಕ್ ಸ್ಟ್ರೇನರ್ ತೊಳೆಯಬೇಕು ಅಥವಾ ಫಿಲ್ಟರ್ ಹೊಸದು ಹಾಕಬೇಕು. ಮೇಲಿನಿಂದ ಹೊಸ ಎಣ್ಣೆ ಸುರಿದು ಸಮ ಮಾಡುವುದರಿಂದ ಉಪಯೋಗವಿಲ್ಲ. ಕಲಸಿದ ನೀರು ಬೇರಿಂಗ್‌ಗಳನ್ನೂ ಪಂಪನ್ನೂ ತಿನ್ನುತ್ತಲೇ ಇರುತ್ತದೆ. ಹೊದಿಕೆ ಹೊಸದು ಹಾಕದೆ ಎಣ್ಣೆ ಮಾತ್ರ ಬದಲಿಸಿದರೆ ಮುಂದಿನ ಮಳೆಗೆ ಮತ್ತದೇ ಗತಿ.

ತಣ್ಣಗಿದ್ದಾಗ ಚೆನ್ನಾಗಿ ಎತ್ತಿ, ಅರ್ಧ ಗಂಟೆ ಕೆಲಸವಾಗಿ ಬಿಸಿಯಾದ ಮೇಲೆ ಸೋಲುವ ಲಿಫ್ಟ್‌ನ ಕತೆ ಬೇರೆ. ಎಣ್ಣೆ ಬಿಸಿಯಾಗಿ ತೆಳುವಾದಾಗ ಸವೆದ ಪಂಪಿನ, ಸವೆದ ವಾಲ್ವಿನ ಸಂದಿಗಳಲ್ಲಿ ಸೋರಿಹೋಗುತ್ತದೆ. ಇಲ್ಲಿ ಪಂಪನ್ನು ಅನುಮಾನಿಸುವುದು ನ್ಯಾಯ. ಇನ್ನು ಎತ್ತಿದ ಬ್ಲೇಡ್ ಎಂಜಿನ್ ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ನೆಲ ಮುಟ್ಟಿದರೆ ಪಂಪನ್ನು ದೂರಬೇಡಿ, ಎಂಜಿನ್ ನಿಂತ ಮೇಲೆ ಅದರ ಪಾತ್ರವೇನೂ ಇಲ್ಲ. ಸಿಲಿಂಡರ್ ಸೀಲ್ ಅಥವಾ ಕಂಟ್ರೋಲ್ ವಾಲ್ವ್ ಸೋರುತ್ತಿದೆ.

ಬ್ಲೇಡ್ ಮಣ್ಣಿಗೆ ಕಚ್ಚಿದ ಕೂಡಲೇ ತಾನಾಗಿ ಮೇಲೆದ್ದು, ಮತ್ತೆ ಕೆಳಗಿಳಿದು ಕುಣಿಯುತ್ತಿದ್ದರೆ ಅದು ದೋಷವೇ ಅಲ್ಲ. ಗದ್ದೆ ಉಳುವಾಗ ಇಟ್ಟಿದ್ದ ಡ್ರಾಫ್ಟ್ ಕಂಟ್ರೋಲ್ ಹಾಗೆಯೇ ಉಳಿದಿದೆ. ನೇಗಿಲಿಗೆ ಎಳೆತ ಹೆಚ್ಚಾದಾಗ ಮೇಲೆತ್ತುವುದು ಅದರ ಕೆಲಸ. ಮಣ್ಣು ತಳ್ಳುವಾಗ ಡ್ರಾಫ್ಟ್ ಲಿವರನ್ನು ನಿಮ್ಮ ಮಾದರಿಯ ಕೈಪಿಡಿ ಹೇಳುವ ನಿಷ್ಕ್ರಿಯ ಸ್ಥಾನಕ್ಕೆ ತಂದು, ಬ್ಲೇಡನ್ನು ಇಟ್ಟ ಎತ್ತರದಲ್ಲೇ ಹಿಡಿಯುವ ಪೊಸಿಷನ್ ಕಂಟ್ರೋಲ್ ಒಂದರಲ್ಲೇ ಕೆಲಸ ಮಾಡಿ.

ಹೈಡ್ರಾಲಿಕ್ ಪೈಪಿನಲ್ಲಿ ಸೋರಿಕೆ ಹುಡುಕುವಾಗ ಬೆರಳಿನಿಂದ ತಡವಬೇಡಿ. ಸೂಜಿ ಮೊನೆಯಷ್ಟು ರಂಧ್ರದಿಂದ ಹಾರುವ ಎಣ್ಣೆ ಚರ್ಮ ಸೀಳಿ ಒಳಹೊಕ್ಕರೆ ಬೆರಳನ್ನೇ ಕತ್ತರಿಸುವ ಸ್ಥಿತಿ ಬರಬಹುದು. ಒಂದು ರಟ್ಟಿನ ತುಂಡನ್ನು ಪೈಪಿನುದ್ದಕ್ಕೆ ಹಿಡಿದು ನೋಡಿ, ಒದ್ದೆಯಾದ ಕಡೆ ತೂತಿದೆ. ಎತ್ತಿದ ಬ್ಲೇಡಿನಡಿ ಮರದ ದಿಮ್ಮಿ ಕೊಡದೆ ತಲೆಯನ್ನೂ ಕೈಯನ್ನೂ ಹಾಕಬೇಡಿ.

ಚಕ್ರ ತಿರುಗುತ್ತದೆ, ಟ್ರ್ಯಾಕ್ಟರ್ ಕದಲುವುದಿಲ್ಲ

ಎಂಜಿನ್ ವೇಗ ಏರುತ್ತಿದೆ, ಚಕ್ರವೂ ತಿರುಗುತ್ತಿದೆ ಎಂದರೆ ಹಿಡಿತದ ಸಮಸ್ಯೆ. ಎಂಜಿನ್ ವೇಗ ಏರುತ್ತಿದೆ, ಚಕ್ರ ತಿರುಗುತ್ತಿಲ್ಲ, ಸುಟ್ಟ ವಾಸನೆ ಬರುತ್ತಿದೆ ಎಂದರೆ ಕ್ಲಚ್. ಇವೆರಡನ್ನು ಬೇರೆ ಮಾಡಲು ಒಬ್ಬರು ದೂರ ನಿಂತು ಹಿಂದಿನ ಚಕ್ರವನ್ನೇ ನೋಡಿದರೆ ಸಾಕು.

ಹಿಡಿತ ತಪ್ಪಿದಾಗ ಬ್ಲೇಡನ್ನು ಸ್ವಲ್ಪ ಎತ್ತಿ. ಮಣ್ಣಿನ ರಾಶಿಯನ್ನು ಒಂದೇ ಸಲಕ್ಕೆ ನೆಲದವರೆಗೆ ಕೆರೆಯಲು ಹೋದರೆ ಯಾವ ಟ್ರ್ಯಾಕ್ಟರ್ ಕೂಡ ಜಾರುತ್ತದೆ. ಹೊರ ಅಂಚಿನಿಂದ ಶುರುಮಾಡಿ, ಒಂದು ಗೇಣಿನಷ್ಟು ಪದರ ಪದರವಾಗಿ ತೆಗೆಯಿರಿ. ಟೈರಿನ ಗುಬ್ಬಿಗಳ ನಡುವೆ ಶೇಡಿ ಮಣ್ಣು ಮೆತ್ತಿಕೊಂಡು ಟೈರ್ ನುಣ್ಣಗಾಗಿದ್ದರೆ ಹಾರೆಯಿಂದ ಬಿಡಿಸಿ. ಟೈರಿನಲ್ಲಿ ಗಾಳಿ ಟಾರು ರಸ್ತೆಗೆ ತುಂಬಿದಷ್ಟೇ ಇದೆಯೇ ನೋಡಿ. ಕೆಸರಿನ ಕೆಲಸಕ್ಕೆ ಹಿಂದಿನ ಟೈರುಗಳಲ್ಲಿ 12ರಿಂದ 14 ಪಿಎಸ್‌ಐ ಸಾಮಾನ್ಯ, ಹೆಚ್ಚಿದ್ದರೆ ಟೈರ್ ನೆಲ ಮುಟ್ಟುವ ಜಾಗ ಕಡಿಮೆಯಾಗುತ್ತದೆ. ಮುಂಬದಿ ಲೋಡರ್ ಹಾಕಿದವರಿಗೆ ಹಿಂದಿನ ಚಕ್ರದ ಮೇಲಿನ ತೂಕವೇ ಹೊರಟುಹೋಗಿರುತ್ತದೆ. ಹಿಂದೆ ತೂಕದ ಬಿಲ್ಲೆ ಹಾಕಿ, ಇಲ್ಲವೇ ವಾಲ್ವ್ ಮೇಲೆ ಬರುವಂತೆ ಚಕ್ರ ನಿಲ್ಲಿಸಿ ಟ್ಯೂಬಿಗೆ ಮುಕ್ಕಾಲು ಭಾಗ ನೀರು ತುಂಬಿಸಿ.

ಒಂದೇ ಚಕ್ರ ಗಿರಗಿರ ತಿರುಗಿ ಇನ್ನೊಂದು ಸುಮ್ಮನಿದ್ದರೆ ಎರಡೂ ಹಿಂಚಕ್ರ ಒಟ್ಟಿಗೆ ತಿರುಗುವಂತೆ ಮಾಡುವ ಡಿಫರೆನ್ಶಿಯಲ್ ಲಾಕ್ ಒತ್ತಬೇಕು. ಆದರೆ ಚಕ್ರ ತಿರುಗುತ್ತಿರುವಾಗ ಒತ್ತಿದರೆ ಹಲ್ಲು ಮುರಿಯುತ್ತದೆ. ಕ್ಲಚ್ ಹಿಡಿದು, ಚಕ್ರ ನಿಂತ ಮೇಲೆ ಲಾಕ್ ಒತ್ತಿ, ನೇರವಾಗಿ ಮಾತ್ರ ಓಡಿಸಿ. ಲಾಕ್ ಹಾಕಿಕೊಂಡು ತಿರುವು ತೆಗೆದುಕೊಳ್ಳಲು ಹೋದರೆ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಕೆಸರು ಗದ್ದೆಯ ಕೇಜ್ ವೀಲನ್ನು (ಕಬ್ಬಿಣದ ಪಂಜರದ ಚಕ್ರ) ಮಣ್ಣಿನ ದಾರಿಯಲ್ಲಿ ಬಳಸಬಹುದು, ಟಾರು ರಸ್ತೆಗೆ ಹತ್ತಿಸಕೂಡದು.

ಇಳಿಜಾರಿನ ಕಡೆ ಮಣ್ಣು ತಳ್ಳುವಾಗ ಅಂಚಿನ ಆಳ ಎಷ್ಟಿದೆಯೋ ಕನಿಷ್ಠ ಅಷ್ಟು ದೂರದಲ್ಲಿ ಚಕ್ರ ಇರಲಿ. ಮೂರು ಅಡಿ ಆಳದ ಅಗಳಿಗೆ ಮೂರು ಅಡಿ ಅಂತರ. ತೆಗೆದ ಮಣ್ಣನ್ನು ಚರಂಡಿಗೆ ತುಂಬಬೇಡಿ. ದಾರಿ ಬೇಗ ಬಿಡಿಸುವ ಆತುರದಲ್ಲಿ ಎಲ್ಲರೂ ಮಾಡುವುದು ಅದನ್ನೇ. ನೀರು ಹರಿಯಲು ಜಾಗವಿಲ್ಲದೆ ಮುಂದಿನ ಮಳೆಗೆ ಧರೆಯ ಬುಡವೇ ನೆನೆಯುತ್ತದೆ.

ಮಣ್ಣಿನೊಳಗಿನ ಮರದ ಬೊಡ್ಡೆಯನ್ನು ಸರಪಳಿ ಕಟ್ಟಿ ಎಳೆಯುವಾಗ ಮುಂಚಕ್ರ ನೆಲ ಬಿಟ್ಟು ಎದ್ದರೆ ತಕ್ಷಣ ಕ್ಲಚ್ ಒತ್ತಿ. ಸರಪಳಿ ತಪ್ಪು ಜಾಗದಲ್ಲಿದೆ. ಅದು ಹಿಂಬದಿಯ ಎಳೆಯುವ ಪಟ್ಟಿಯಾದ ಡ್ರಾಬಾರ್‌ನಲ್ಲೇ ಇರಬೇಕು, ಆಕ್ಸಲ್‌ಗಿಂತ ಕೆಳಗೆ. ಮೇಲಿನ ತೋಳಿನ (ಟಾಪ್ ಲಿಂಕ್) ಕೊಕ್ಕೆಗೆ ಕಟ್ಟಿ ಎಳೆದ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಲು ಒಂದೆರಡು ಸೆಕೆಂಡು ಸಾಕು, ಹಾರಿ ಇಳಿಯಲು ಸಮಯ ಸಿಗುವುದಿಲ್ಲ. ಹಗ್ಗವಾಗಲಿ ಸರಪಳಿಯಾಗಲಿ ಎಳೆತದಲ್ಲಿರುವಾಗ ಅದರ ನೇರಕ್ಕೆ ಯಾರೂ ನಿಲ್ಲಬಾರದು.

ಎಂಜಿನ್ ಸೋಲುತ್ತದೆ, ನಡುವೆ ನಿಲ್ಲುತ್ತದೆ

ಹೊಗೆ ನೋಡಿ. ಕಪ್ಪು ಹೊಗೆ ಎಂದರೆ ಹೊರೆ ಹೆಚ್ಚು ಅಥವಾ ಗಾಳಿ ಕಡಿಮೆ. ಗೇರ್ ಇಳಿಸಿದ ಮೇಲೂ ಹೊಗೆ ಕಪ್ಪಾಗಿಯೇ ಇದ್ದರೆ ಏರ್ ಕ್ಲೀನರ್ ಬಿಚ್ಚಿ. ಗಾಳಿಯನ್ನು ಎಣ್ಣೆಯ ಮೂಲಕ ಸೋಸುವ ಆಯಿಲ್ ಬಾತ್ ಇರುವವರು ಬಟ್ಟಲಿನ ಎಣ್ಣೆಯಲ್ಲಿ ನೀರು, ಕೆಸರು ಸೇರಿದೆಯೇ ನೋಡಬೇಕು. ಬಿಳಿ ಹೊಗೆಯೊಂದಿಗೆ ಎಂಜಿನ್ ಡುಗುಡುಗು ಎಂದು ತಪ್ಪಿ ತಪ್ಪಿ ಓಡಿದರೆ ಡೀಸೆಲ್‌ನಲ್ಲಿ ನೀರಿರುವ ಸಾಧ್ಯತೆ ಹೆಚ್ಚು. ನೀಲಿ ಹೊಗೆ ಎಂಜಿನ್ ಎಣ್ಣೆ ಸುಡುತ್ತಿರುವುದರ ಗುರುತು. ಅದು ಹಳೆಯ ಕಾಯಿಲೆ, ಮಣ್ಣಿನ ಕೆಲಸಕ್ಕೂ ಅದಕ್ಕೂ ಸಂಬಂಧವಿಲ್ಲ.

ಮಳೆಗಾಲದಲ್ಲಿ ಡೀಸೆಲ್‌ಗೆ ನೀರು ಸೇರುವುದು ಸುಲಭ. ಅರ್ಧ ಖಾಲಿಯಾದ ಟ್ಯಾಂಕಿನಲ್ಲಿ, ಕೊಟ್ಟಿಗೆಯ ಮೂಲೆಯ ಕ್ಯಾನಿನಲ್ಲಿ ತೇವದ ಗಾಳಿ ತಣಿದು ಹನಿಗಟ್ಟುತ್ತದೆ. ಫಿಲ್ಟರ್ ಕೆಳಗಿನ ಗಾಜಿನ ಬಟ್ಟಲನ್ನು ಒರೆಸಿ ಟಾರ್ಚ್ ಬಿಟ್ಟು ನೋಡಿ. ಹಳದಿ ಡೀಸೆಲ್‌ನ ಕೆಳಗೆ ಬಣ್ಣವಿಲ್ಲದ ಗುಳ್ಳೆಗಳು ಒಂದಕ್ಕೊಂದು ಅಂಟದೆ ಉರುಳಾಡುತ್ತಿದ್ದರೆ ಅದು ನೀರು. ಬಟ್ಟಲು ಬಿಚ್ಚಿ ಚೆಲ್ಲಿ, ಟ್ಯಾಂಕಿನ ತಳದ ಪ್ಲಗ್ಗನ್ನೂ ಸಡಿಲಿಸಿ ಮೊದಲು ಬರುವುದನ್ನು ಡಬ್ಬಿಗೆ ಹಿಡಿಯಿರಿ.

ಬಟ್ಟಲು ಬಿಚ್ಚಿದ ಮೇಲೆ ಏರ್ ಹಿಡಿಯುವುದು ಖಚಿತ. ಫಿಲ್ಟರ್ ಮೇಲಿನ ಬ್ಲೀಡಿಂಗ್ ಸ್ಕ್ರೂ ಎರಡು ಸುತ್ತು ಸಡಿಲಿಸಿ ಕೈಪಂಪ್ ಒತ್ತುತ್ತಾ ಹೋಗಿ. ನೊರೆ ನಿಂತು ಗುಳ್ಳೆಯಿಲ್ಲದ ಡೀಸೆಲ್ ಬಂದಾಗ, ಪಂಪ್ ಒತ್ತುತ್ತಿರುವಂತೆಯೇ ಸ್ಕ್ರೂ ಬಿಗಿ ಮಾಡಿ. ಆಮೇಲೆ ಇಂಜೆಕ್ಷನ್ ಪಂಪಿನ ಸ್ಕ್ರೂಗೂ ಹಾಗೆಯೇ. ಟ್ಯಾಂಕಿನ ಕಡೆಯಿಂದ ಎಂಜಿನ್ ಕಡೆಗೆ ಬರಬೇಕು, ಕ್ರಮ ತಪ್ಪಿದರೆ ಗಾಳಿ ನಡುವೆ ಉಳಿಯುತ್ತದೆ. ಹೊಸ ಕಾಮನ್ ರೇಲ್ ಎಂಜಿನ್‌ಗಳ ಹೈ ಪ್ರೆಶರ್ ಪೈಪುಗಳನ್ನು ಮಾತ್ರ ಮನೆಯಲ್ಲಿ ಸಡಿಲಿಸಬೇಡಿ, ಒತ್ತಡ ಪ್ರಾಣಕ್ಕೇ ಕುತ್ತು ತರುವಷ್ಟಿರುತ್ತದೆ.

ಹತ್ತಿಪ್ಪತ್ತು ನಿಮಿಷ ಚೆನ್ನಾಗಿ ಓಡಿ, ಸೋತು ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುವ ಎಂಜಿನ್ ಅನೇಕರನ್ನು ಕಂಗಾಲು ಮಾಡುತ್ತದೆ. ಅದು ನಿಲ್ಲುವ ಹೊತ್ತಿಗೆ ಸರಿಯಾಗಿ ಡೀಸೆಲ್ ಟ್ಯಾಂಕಿನ ಮುಚ್ಚಳ ಸಡಿಲಿಸಿ. ಸುಯ್ಯೆಂದು ಗಾಳಿ ಒಳಹೋಗಿ ಎಂಜಿನ್ ಚೇತರಿಸಿಕೊಂಡರೆ ಮುಚ್ಚಳದ ಗಾಳಿ ರಂಧ್ರ ಕೆಸರಿನಿಂದ ಮುಚ್ಚಿದೆ. ಒಂದು ಸೂಜಿಯಿಂದ ಬಿಡಿಸಿದರೆ ಆಯಿತು. ಮುಚ್ಚಳ ಸಡಿಲಿಸಿದರೂ ಬದಲಾವಣೆಯಿಲ್ಲದಿದ್ದರೆ ಫಿಲ್ಟರ್ ಕಡೆಗೆ ಹೋಗಿ.

ತಾಪಮಾನದ ಮುಳ್ಳು ಏರುತ್ತಿದ್ದರೆ ರೇಡಿಯೇಟರ್ ಮುಂದಿನ ಜಾಲರಿ ನೋಡಿ. ಗಾಳಿಮಳೆಗೆ ಉದುರಿದ ದರಗು, ಕೆಸರು ಸೇರಿ ಹಲಗೆಯಂತೆ ಗಟ್ಟಿಯಾಗಿರುತ್ತದೆ. ಬಿಸಿ ಇರುವಾಗ ಮುಚ್ಚಳ ತೆರೆಯಬೇಡಿ. ಫ್ಯಾನ್ ಕಡೆಯಿಂದ ಹೊರಕ್ಕೆ ಕಡಿಮೆ ಒತ್ತಡದ ನೀರು ಬಿಟ್ಟು ತೊಳೆಯಿರಿ.

ಟ್ರ್ಯಾಕ್ಟರ್ ನೆರೆ ನೀರಿನಲ್ಲಿ ಏರ್ ಕ್ಲೀನರ್ ಮುಳುಗುವಷ್ಟು ನಿಂತಿದ್ದರೆ ಸೆಲ್ಫ್ ಹೊಡೆಯಲೇಬೇಡಿ. ಸಿಲಿಂಡರಿನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಸ್ಟಾರ್ಟ್ ಆಗದಿದ್ದರೆ

ಕೀಲಿ ತಿರುಗಿಸುವಾಗ ಹೆಡ್‌ಲೈಟ್ ಹಾಕಿ ನೋಡಿ. ಲೈಟ್ ಪೂರ್ತಿ ಮಂಕಾದರೆ ಬ್ಯಾಟರಿ ಇಳಿದಿದೆ ಅಥವಾ ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದೆ. ಬಿಸಿನೀರು ಹಾಕಿ ಉಜ್ಜಿ, ಬಿಗಿ ಮಾಡಿ, ಗ್ರೀಸ್ ಸವರಿ. ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ, 12.2ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಲೇಬೇಕು. ಲೈಟ್ ಮಂಕಾಗದೆ, ಸದ್ದೂ ಬರದಿದ್ದರೆ ಸೇಫ್ಟಿ ಸ್ವಿಚ್. ಗೇರ್ ನ್ಯೂಟ್ರಲ್‌ಗೆ ತಂದು, ಕ್ಲಚ್ ಪೂರ್ತಿ ಒತ್ತಿ ಮತ್ತೆ ಪ್ರಯತ್ನಿಸಿ. ಪೆಡಲಿನ ಕೆಳಗೆ ಮಣ್ಣು ಗಟ್ಟಿಯಾಗಿ ಪೂರ್ತಿ ಇಳಿಯದಿರುವುದೂ ಉಂಟು. ನೆಲದ ಮೇಲೆ ನಿಂತು ಸ್ಕ್ರೂಡ್ರೈವರ್‌ನಿಂದ ಸ್ಟಾರ್ಟರ್ ಶಾರ್ಟ್ ಮಾಡುವ ಅಭ್ಯಾಸ ಇರುವವರು ದಯವಿಟ್ಟು ಇಂದೇ ಬಿಡಿ. ಗೇರಿನಲ್ಲಿರುವ ಟ್ರ್ಯಾಕ್ಟರ್ ಎಂಜಿನ್ ಹಿಡಿದ ಕೂಡಲೇ, ಚಕ್ರದ ಮುಂದೆ ನಿಂತವರ ಮೇಲೆ ಹರಿಯುತ್ತದೆ.

ಕ್ಲಚ್ ಮತ್ತು ಬ್ರೇಕ್

ಕ್ಲಚ್ ಜಾರುತ್ತಿದೆ ಎನಿಸಿದರೆ ಪೆಡಲಿನ ಆಟ ಎಷ್ಟಿದೆ ನೋಡಿ. ಆಟವೇ ಇಲ್ಲದಿದ್ದರೆ ಪ್ಲೇಟ್ ಪೂರ್ತಿ ಕೂರುವುದಿಲ್ಲ. ಕೈಪಿಡಿಯ ಅಳತೆಗೆ ಹೊಂದಿಸಿ ಮತ್ತೆ ಪರೀಕ್ಷಿಸಿದ ಮೇಲೆಯೇ ಪ್ಲೇಟ್ ತೆಗೆಯಲು ಟ್ರ್ಯಾಕ್ಟರ್ ಇಬ್ಭಾಗ ಮಾಡುವ ಮಾತು. ಮಣ್ಣು ತಳ್ಳುವಾಗ ಅರ್ಧ ಕ್ಲಚ್‌ನಲ್ಲಿ ಕಾಲಿಡುವವರ ಪ್ಲೇಟ್ ಬೇಗ ಸವೆಯುತ್ತದೆ. ಡ್ರೈ ಬ್ರೇಕ್ ಇರುವ ಹಳೆಯ ಟ್ರ್ಯಾಕ್ಟರ್‌ಗಳಲ್ಲಿ ನೀರು ಹೊಕ್ಕರೆ ಬ್ರೇಕ್ ಹಿಡಿಯುವುದಿಲ್ಲ. ಸಮತಟ್ಟಿನಲ್ಲಿ ನಿಧಾನ ಓಡಿಸುತ್ತಾ ಪೆಡಲನ್ನು ಮೆಲ್ಲಗೆ ಒತ್ತಿ ಒಣಗಿಸಿ, ಹಿಡಿತ ಬಂದ ಮೇಲೆ ಇಳಿಜಾರಿಗೆ ಇಳಿಯಿರಿ. ಎರಡೂ ಬ್ರೇಕ್ ಪೆಡಲ್‌ಗಳನ್ನು ಕೊಂಡಿ ಹಾಕಿ ಜೋಡಿಸಿರಿ, ಇಲ್ಲದಿದ್ದರೆ ಒಂದೇ ಚಕ್ರ ಹಿಡಿದು ಟ್ರ್ಯಾಕ್ಟರ್ ಅಡ್ಡ ತಿರುಗುತ್ತದೆ.

ಮೆಕ್ಯಾನಿಕ್‌ಗೆ ಹೇಳುವಾಗ

‘ಲಿಫ್ಟ್ ಕೆಲಸ ಮಾಡುತ್ತಿಲ್ಲ’ ಎಂದಷ್ಟೇ ಹೇಳಿದರೆ ಪೇಟೆಯಿಂದ ಬರುವವರು ಬರಿಗೈಯಲ್ಲಿ ಬಂದು, ನೋಡಿ, ಸಾಮಾನು ತರಲು ಮತ್ತೆ ಹೋಗಬೇಕಾಗುತ್ತದೆ. ದಾರಿ ಮುಚ್ಚಿರುವಾಗ ಅದಕ್ಕೆ ಇಡೀ ದಿನ ಹಿಡಿಯುತ್ತದೆ. ಖಾಲಿ ಎತ್ತುತ್ತದೆಯೇ, ಹೊರೆಗೆ ಮಾತ್ರ ನಿಲ್ಲುತ್ತದೆಯೇ, ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಕೀರಲು ಸದ್ದು ಬರುತ್ತದೆಯೇ, ಎಣ್ಣೆಯ ಬಣ್ಣ ಏನು, ನಿಲ್ಲಿಸಿದ ಮೇಲೆ ಬ್ಲೇಡ್ ಇಳಿಯುತ್ತದೆಯೇ, ಇಷ್ಟನ್ನು ಫೋನಿನಲ್ಲೇ ಹೇಳಿ. ಸದ್ದನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕಳಿಸಿ. ಟ್ರ್ಯಾಕ್ಟರ್ ಮಾದರಿ, ಕೊಂಡ ವರ್ಷ, ಎಷ್ಟು ಗಂಟೆ ಓಡಿದೆ ಎಂಬುದನ್ನೂ ಸೇರಿಸಿದರೆ ಸೀಲ್ ಕಿಟ್ ತರಬೇಕೇ, ಸ್ಟ್ರೇನರ್ ತರಬೇಕೇ ಎಂದು ಅವರು ಅಂಗಡಿಯಲ್ಲೇ ನಿರ್ಧರಿಸುತ್ತಾರೆ.